ದತ್ತಿ ಹಣಕ್ಕೆ ಜನಾಂಗದ ಷರತ್ತು ಹಾಕಬಹುದೇ?

ಅಮೆರಿಕದ ಅಟ್ಲಾಂಟಾದಲ್ಲಿರುವ ಹೂಡಿಕೆ ಸಂಸ್ಥೆ ಫಿಯರ್‌ಲೆಸ್ ಫಂಡ್, ಕಪ್ಪು ಮಹಿಳೆಯರಿಗೆ ಕನಿಷ್ಠ ಶೇ 51ರಷ್ಟು ಒಡೆತನವಿರುವ ಸಣ್ಣ ಉದ್ಯಮಗಳಿಗೆ ಸ್ಪರ್ಧೆ ನಡೆಸಿ 20,000 ಡಾಲರ್ ಅನುದಾನ ಕೊಡುತ್ತಿತ್ತು. ಇದು ಜನಾಂಗ ತಾರತಮ್ಯವೆಂದು, ಜನಾಂಗ ನೋಡಿ ಕೊಡುವ ಆದ್ಯತೆಗಳ ವಿರೋಧಿ ಎಡ್ವರ್ಡ್ ಬ್ಲಮ್ ಅವರ ಸಂಘಟನೆ 2023ರ ಆಗಸ್ಟ್‌ನಲ್ಲಿ ದಾವೆ ಹೂಡಿತು. 2024ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ 2-1ರ ಬಹುಮತದಿಂದ ಅನುದಾನಕ್ಕೆ ತಡೆ ಹಾಕಿತು. ಸೆಪ್ಟೆಂಬರ್‌ನಲ್ಲಿ ರಾಜಿಯಾಗಿ ಸ್ಪರ್ಧೆಯೇ ನಿಂತಿತು.

ಪರ

ದಾವೆಗೆ ಆಧಾರವಾದದ್ದು 1866ರ ನಾಗರಿಕ ಹಕ್ಕು ಕಾಯ್ದೆ. ಆಗಷ್ಟೇ ಗುಲಾಮಗಿರಿಯಿಂದ ಬಿಡುಗಡೆಯಾದವರೂ ಬಿಳಿಯರಂತೆ ಕರಾರು ಮಾಡಿಕೊಳ್ಳಲಿ ಎಂದು ಬಂದ ಕಾನೂನು ಅದು. ಅಂಥವರ ವಂಶಜರ ಕೈಗೆ ಹೋಗುವ ಹಣವನ್ನು ತಡೆಯಲು ಅದನ್ನೇ ಎತ್ತಿಕೊಂಡರು! ಹೊಸ ಉದ್ಯಮಗಳಿಗೆ ಹೂಡುವ ಸಾಹಸ ಬಂಡವಾಳದಲ್ಲಿ (ವೆಂಚರ್ ಕ್ಯಾಪಿಟಲ್) ಕಪ್ಪು ಮಹಿಳೆಯರಿಗೆ ಸಿಗುವುದು ಶೇ 1ಕ್ಕಿಂತ ಕಡಿಮೆ. ಆ ಬಾಗಿಲು ತೆರೆದಿದ್ದರೆ ಈ ಪುಟ್ಟ ಅನುದಾನ ಯಾರಿಗೆ ಬೇಕಿತ್ತು?

ಗುರಿ ನೋಡಿ ಕೊಟ್ಟ ದಾನ ಏನು ಮಾಡಬಲ್ಲದೆಂಬುದಕ್ಕೆ ಅಮೆರಿಕದ ದಕ್ಷಿಣ ರಾಜ್ಯಗಳ ರೋಸನ್‌ವಾಲ್ಡ್ ಶಾಲೆಗಳಿವೆ. ಸಿಯರ್ಸ್ ಎಂಬ ಚಿಲ್ಲರೆ ಮಾರಾಟ ಕಂಪನಿಯ ಸಿರಿವಂತ ಜೂಲಿಯಸ್ ರೋಸನ್‌ವಾಲ್ಡ್, ಟಸ್ಕೆಗೀ ವಿದ್ಯಾಸಂಸ್ಥೆಯ ಕಪ್ಪು ಶಿಕ್ಷಣತಜ್ಞ ಬುಕರ್ ಟಿ. ವಾಷಿಂಗ್ಟನ್ ಜೊತೆಗೂಡಿ 1912ರಲ್ಲಿ ಆರಂಭಿಸಿದ ಕೆಲಸ. 1932ರ ಹೊತ್ತಿಗೆ 15 ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗಾಗಿ ಸುಮಾರು 5,000 ಶಾಲೆಗಳು ಎದ್ದಿದ್ದವು. ಊರವರೂ ಪಾಲು ಹಾಕಬೇಕೆಂಬುದು ಷರತ್ತು. ಗೇಣಿದಾರರು, ಕೂಲಿಗಳು ಕೂಡಿಸಿದ ಮೊತ್ತ ಕೊನೆಗೆ ಆ ಸಿರಿವಂತನ ಕೊಡುಗೆಯನ್ನೂ ಮೀರಿತು. 'ಎಲ್ಲ ಮಕ್ಕಳಿಗೂ' ಎಂದು ಕೊಟ್ಟಿದ್ದರೆ ಅಂದಿನ ಜಿಲ್ಲಾ ಶಾಲಾ ಮಂಡಳಿಗಳು ಆ ಹಣವನ್ನು ಯಾವ ಬೀದಿಗೆ ಸುರಿಯುತ್ತಿದ್ದವೆಂದು ಊಹಿಸುವುದು ಕಷ್ಟವಲ್ಲ.

ವಿರೋಧ

ರೋಸನ್‌ವಾಲ್ಡ್ ಕಥೆಯ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಕಪ್ಪು ಜನ ಶಾಲೆಗೆಂದು ತೆರಿಗೆ ಕಟ್ಟಿದರು, ಮೇಲಿಂದ ಚಂದಾನೂ ಎತ್ತಿದರು. ಕಟ್ಟಡ ಸರ್ಕಾರಿ ಮಂಡಳಿಯ ಹೆಸರಿಗೆ ಹೋಯಿತು. ಒಂದೇ ಕೆಲಸಕ್ಕೆ ಎರಡು ಸಲ ತೆತ್ತರು. ಬಿಳಿಯರಿಗೊಂದು, ಕಪ್ಪು ಮಕ್ಕಳಿಗೊಂದು ಎಂಬ ಬೇರೆ ಬೇರೆ ಶಾಲೆಯ ಪದ್ಧತಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಲು 1954 ಬರಬೇಕಾಯಿತು.

ಇನ್ನು 1866ರ ಕಾಯ್ದೆ. ವರ್ಜೀನಿಯಾದ ಖಾಸಗಿ ಶಾಲೆಗಳು ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳದಿದ್ದಾಗ, 1976ರಲ್ಲಿ ಸುಪ್ರೀಂ ಕೋರ್ಟ್ ಅವುಗಳನ್ನು ಮಣಿಸಿದ್ದು ಇದರ ಬಲದಿಂದಲೇ. 'ನಮ್ಮ ಹಣ, ನಮ್ಮಿಷ್ಟ' ಎಂಬ ವಾದಕ್ಕೆ ಇಂದು ಅಟ್ಲಾಂಟಾದಲ್ಲಿ ಮಣೆ ಹಾಕಿದರೆ, ನಾಳೆ ಅದೇ ಮಾತನ್ನಾಡುತ್ತಾ ಬರುವ ಬಿಳಿಯರ ಕ್ಲಬ್ಬಿಗೆ ಏನು ಹೇಳುವುದು? ಗೆದ್ದವರ ಹೆಸರು, ಚಿತ್ರ ಬಳಸಿಕೊಳ್ಳುವ ನಿಬಂಧನೆಗಳಿದ್ದುದರಿಂದ ಫಿಯರ್‌ಲೆಸ್ ಅನುದಾನ ಬರೀ ದಾನವಲ್ಲ, ಕರಾರು ಎಂದಿತು ಮೇಲ್ಮನವಿ ಕೋರ್ಟು. ಕೈಯಲ್ಲಿ ಕಾಸಿಲ್ಲದೆ ಅಂಗಡಿ ತೆರೆದ ಭಾರತೀಯ ಮೂಲದ ಹೆಂಗಸಿಗೂ ಆ ಸ್ಪರ್ಧೆಯಲ್ಲಿ ಜಾಗವಿರಲಿಲ್ಲ.

ಪರದ ವಾದದಲ್ಲಿ ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸುವುದು ಬಂಡವಾಳದ ಆ ಶೇ 1ರ ಲೆಕ್ಕ. ಆದರೆ ಅದಕ್ಕೆ ಉತ್ತರ ಕೊಡಬೇಕಾದವರು ಸಾಲ, ಬಂಡವಾಳ ಹಂಚುವವರು. 2020ರಲ್ಲಿ ಪೊಲೀಸರ ಕೈಯಲ್ಲಿ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಹತ್ಯೆಯಾದ ನಂತರ ಕಂಪನಿಗಳು ಪೈಪೋಟಿಯಲ್ಲಿ ದೇಣಿಗೆ ಘೋಷಿಸಿದವು. ಗಾಳಿ ತಿರುಗಿದಾಗ ಹಲವು ಸದ್ದಿಲ್ಲದೆ ಹಿಂದೆ ಸರಿದವು. ಬ್ಯಾಂಕು ಸಾಲ ಕೊಡದ ಬಡಾವಣೆ, ಕುಟುಂಬದ ಆಸ್ತಿ, ಹಿಂದೆ ಎಂದೂ ಹೂಡಿಕೆ ಸಿಗದಿರುವುದು — ಇವನ್ನು ಮಾನದಂಡ ಮಾಡಿದರೆ ಅಟ್ಲಾಂಟಾದಲ್ಲಿ ಹಣ ಬಹುಪಾಲು ಅದೇ ಮಹಿಳೆಯರನ್ನು ತಲುಪೀತು, ಬ್ಲಮ್ ಅವರಿಗೆ ದಾವೆ ಹೂಡಲು ಈ ಕಾಯ್ದೆಯೂ ಒದಗದು.