ಸಪ್ತಾಹ ನಡೆದೈತಿ, ಓದುವವರು ಹೊರಗ ಕೂಡ್ರಿ

ನವೆಂಬರ್ ಬಂತು ಅಂದ್ರೆ ನಮ್ಮ ವಿಜಯಪುರ ಜಿಲ್ಲೆಯ ಹಳ್ಳಿ ಲೈಬ್ರರಿಯಲ್ಲಿ ಓದು ನಿಲ್ಲುತ್ತದೆ. ಓದುವ ಕಾರ್ಯಕ್ರಮ ಶುರುವಾಗಿರುತ್ತಲ್ಲ, ಅದಕ್ಕೆ.

14ರಿಂದ 20ರ ತನಕ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. 14 ಅಂದ್ರೆ ಮಕ್ಕಳ ದಿನಾಚರಣೆಯೂ ಹೌದು. ಹಾಗಾಗಿ ಒಂದೇ ಶಾಮಿಯಾನ, ಒಂದೇ ಮೈಕು, ಒಂದೇ ಸಲ ತಂದ ಹಾರದಲ್ಲಿ ಎರಡು ಕಾರ್ಯಕ್ರಮ ಮುಗಿಸಿ ಎರಡು ವರದಿ ಕಳಿಸಬಹುದು. ಖರ್ಚು ಉಳಿಸೋದನ್ನ ಇವರಿಂದ ಕಲೀಬೇಕು. ಬ್ಯಾನರ್ ಮೇಲೆ ಗಣ್ಯರ ಹೆಸರು ಎಷ್ಟಿರುತ್ತವೆ ಅಂದ್ರೆ, ಅದನ್ನು ತಡವರಿಸದೆ ಪೂರ್ತಿ ಓದಿದ ಮಗುವಿಗೆ ಅಲ್ಲೇ ಮೊದಲ ಬಹುಮಾನ ಕೊಟ್ಟು ಮನೆಗೆ ಕಳಿಸಬಹುದು. ಒಂದು ಪುಸ್ತಕದ ಹೆಸರು ಮಾತ್ರ ಆ ಬ್ಯಾನರ್ ಮೇಲೆ ಎಲ್ಲೂ ಇರೋದಿಲ್ಲ.

ಯೋಜನೆ ಮಾಡಿದವರ ಮನಸ್ಸು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. 2020ರ ನವೆಂಬರ್ 14ಕ್ಕೆ ‘ಓದುವ ಬೆಳಕು’ ಅಂತ ಶುರು ಮಾಡಿದಾಗ ಕೊರೊನಾದಿಂದ ಶಾಲೆ ಮುಚ್ಚಿದ್ದವು. ಮಕ್ಕಳನ್ನು ಪಂಚಾಯ್ತಿ ಲೈಬ್ರರಿಗೆ ಕರೆಸಿ, ಸದಸ್ಯರನ್ನಾಗಿ ಮಾಡಿ, ಕೈಗೆ ಪುಸ್ತಕ ಕೊಡಿ ಅನ್ನೋದು ಒಳ್ಳೆ ಮಾತೇ. ಆದರೆ ಬೆಂಗಳೂರಿನಲ್ಲಿ ಹುಟ್ಟಿದ ಒಳ್ಳೆ ಮಾತು ಜಿಲ್ಲೆ, ತಾಲ್ಲೂಕು, ಪಂಚಾಯ್ತಿ ಅಂತ ಇಳಿದು ನಮ್ಮೂರಿಗೆ ಬರೋ ಹೊತ್ತಿಗೆ ಅದರಲ್ಲಿ ‘ಪುಸ್ತಕ ಕೊಡಿ’ ಅನ್ನೋ ಸಾಲು ಎಲ್ಲೋ ಬಿದ್ದುಹೋಗಿ, ‘ಫೋಟೊ ಕಳಿಸಿ’ ಅನ್ನೋ ಸಾಲು ಒಂದೇ ಉಳಿದಿರುತ್ತದೆ.

ಆ ಫೋಟೊ ತೆಗೆಯೋದನ್ನ ನೋಡಬೇಕು ನೀವು. ಮಕ್ಕಳನ್ನು ಎತ್ತರದ ಪ್ರಕಾರ ಕೂರಿಸ್ತಾರೆ. ತಿಜೋರಿ ಕೀಲಿ ತೆಗೆದು ಹೊಸ ಪುಸ್ತಕ ಹಂಚ್ತಾರೆ. ‘ಪುಸ್ತಕ ಮಾರಿಗೆ ಅಡ್ಡ ಬರಾಕತ್ತೈತಿ, ಸ್ವಲ್ಪ ಕೆಳಗ ಹಿಡೀರಿ, ಹಾಂ, ಈಗ ಓದಿದಂಗ ಮಾಡ್ರಿ.’ ಮಕ್ಕಳು ಓದಿದಂಗ ಮಾಡ್ತಾರೆ. ಗೋಳಗುಮ್ಮಟದಲ್ಲಿ ಕೂಗಿದ್ದು ಏಳು ಸಲ ಕೇಳಿಸುತ್ತದಂತೆ, ನಮ್ಮ ಫೋಟೊ ಅದನ್ನೂ ಮೀರಿಸಿ ಪಂಚಾಯ್ತಿ ಗ್ರೂಪು, ತಾಲ್ಲೂಕು ಗ್ರೂಪು, ಜಿಲ್ಲಾ ಗ್ರೂಪು ಅಂತ ತಿರುಗಿ ಕೊನೆಗೆ ನಮ್ಮೂರಿನ ಗೆಳೆಯರ ಗ್ರೂಪಿಗೇ ವಾಪಸ್ ಬರುತ್ತದೆ. ಅಷ್ಟರಲ್ಲಿ ಪುಸ್ತಕ ಎಣಿಸಿ, ಒಳಗೆ ಹಾಕಿ, ಕೀಲಿ ಜಡಿದಾಗಿರುತ್ತದೆ. ಹೋದ ವರ್ಷ ಒಬ್ಬ ಹುಡುಗಿ ಸುಮ್ನೆ ಫೋಸು ಕೊಡದೆ ನಿಜವಾಗಿಯೂ ಓದಲು ಶುರು ಮಾಡಿಬಿಟ್ಟಳು. ನಾಲ್ಕು ಪುಟ ಆಗುವಷ್ಟರಲ್ಲಿ ಪುಸ್ತಕ ವಾಪಸ್ ಕೇಳಿದರು. ‘ಸರ, ಮುಂದ ಆ ನರಿ ಏನ್ ಮಾಡ್ತು?’ ಅಂದಳು. ‘ಮುಂದಿನ ವರ್ಷ ಸಪ್ತಾಹಕ್ಕ ಬಾರವ್ವಾ’ ಅಂದರು ನಮ್ಮ ಲೈಬ್ರರಿ ಸರ್.

ಸರ್ ಮೇಲೆ ಸಿಟ್ಟಾಗಬೇಡಿ. ಅವರಿಗೆ ಮಕ್ಕಳ ಮೇಲೆ ಪ್ರೀತಿ ಇಲ್ಲ ಅಂತಲ್ಲ, ದಾಸ್ತಾನು ರಿಜಿಸ್ಟರ್ ಮೇಲೆ ಭಯ ಜಾಸ್ತಿ. ಪುಸ್ತಕ ಹರಿದರೆ, ಕಳೆದರೆ, ಮಳೆಗೆ ನೆನೆದರೆ ಲೆಕ್ಕ ಕೊಡಬೇಕಾದವರು ಅವರು. ಒಂದು ಪುಸ್ತಕ ನೂರು ಮಕ್ಕಳ ಕೈಗೆ ಹೋಗಿ ಹರಿದರೆ ಅದು ನಷ್ಟ. ಅದೇ ಪುಸ್ತಕ ಹತ್ತು ವರ್ಷ ಯಾರೂ ಮುಟ್ಟದೆ ಫಳಫಳ ಅಂತಿದ್ದರೆ ಅದು ಒಳ್ಳೆ ನಿರ್ವಹಣೆ. ಸಿಗೋದು ಗೌರವಧನ. ಅದರಲ್ಲಿ ನರಿ ಕತೆಯ ದಂಡ ಕಟ್ಟೋಕೆ ಯಾರಿಗೆ ಧೈರ್ಯ ಬರುತ್ತೆ ಹೇಳಿ? ಇನ್ನು ಪುಸ್ತಕ ಆರಿಸೋದು ಅವರ ಕೈಯಲ್ಲಿಲ್ಲ. ಎಲ್ಲೋ ಸಗಟಾಗಿ ಖರೀದಿ ಆಗುತ್ತೆ, ಗಂಟು ಕಟ್ಟಿ ಬರುತ್ತೆ. ನಿಂಬೆ, ದ್ರಾಕ್ಷಿ, ಬಿಳಿಜೋಳ ಬೆಳೆಯೋ ನಮ್ಮ ಕಡೆಗೆ ಏಲಕ್ಕಿ ಕೃಷಿಯ ಪುಸ್ತಕ ಬಂದಿದೆ. ಅದೂ ಐದು ಪ್ರತಿ. ಯಾರೂ ಒಯ್ದಿಲ್ಲ, ಐದೂ ಭದ್ರವಾಗಿವೆ, ತಪಾಸಣೆಗೆ ಬಂದ ಸಾಹೇಬರು ಅದನ್ನೇ ನೋಡಿ ಮೆಚ್ಚಿಕೊಂಡರು.

ಈ ಎಲ್ಲದಕ್ಕೂ ದುಡ್ಡು ಎಲ್ಲಿಂದ ಅಂತ ಕೇಳ್ತೀರಾ? ನಿಮ್ಮದೇ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಮನೆ ತೆರಿಗೆ ಜೊತೆಗೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಅಂತ ಸೇರಿರುತ್ತದೆ. ಲೈಬ್ರರಿ ಯಾವ ದಿಕ್ಕಿಗಿದೆ ಅಂತ ಗೊತ್ತಿಲ್ಲದವನೂ ಅದರ ಪೋಷಕ. ವಸೂಲಿ ಮಾಡಿದ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯದ ಖಾತೆಗೆ ಕಟ್ಟದೆ ಬಾಕಿ ಉಳಿಸಿಕೊಳ್ಳೋದು ಹಳೆ ಕತೆ. ಪುಸ್ತಕ ಒಂದು ದಿನ ತಡವಾದರೆ ಓದುಗನಿಗೆ ದಂಡ, ಕರ ವರ್ಷಗಟ್ಟಲೆ ತಡವಾದರೆ ಪತ್ರ ವ್ಯವಹಾರ.

2019ರಲ್ಲಿ ಹಳ್ಳಿ ಲೈಬ್ರರಿಗಳನ್ನು ಗ್ರಂಥಾಲಯ ಇಲಾಖೆಯಿಂದ ತೆಗೆದು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. ಹೆಸರೂ ಬದಲಾಯಿತು. ಮೊದಲು ‘ಗ್ರಂಥಾಲಯ ಮತ್ತು ಮಾಹಿತಿ ಕೇಂದ್ರ’, ಆಮೇಲೆ ‘ಅರಿವು ಕೇಂದ್ರ’. ನಮ್ಮೂರಲ್ಲಿ ಪೇಂಟರ್ ಒಬ್ಬನಿಗೆ ಇದರಿಂದ ಅನುಕೂಲ ಆಗಿದ್ದು ಸುಳ್ಳಲ್ಲ. ಊರವರು ಇನ್ನೂ ‘ಲೈಬ್ರರಿ’ ಅಂತಲೇ ಅಂತಾರೆ.

ಇನ್ನು ತರಬೇತಿ. ಇದು ಸಪ್ತಾಹಕ್ಕಿಂತ ದೊಡ್ಡ ಹಬ್ಬ. ಬಾಗಿಲಿಗೆ ಚೀಟಿ ಅಂಟಿಸಿರುತ್ತೆ: ‘ಮೇಲ್ವಿಚಾರಕರು ತರಬೇತಿಗೆ ಹೋಗಿರುವುದರಿಂದ ಗ್ರಂಥಾಲಯ ಇರುವುದಿಲ್ಲ.’ ತರಬೇತಿಯ ವಿಷಯ, ಓದುಗರನ್ನು ಗ್ರಂಥಾಲಯಕ್ಕೆ ಸೆಳೆಯುವುದು ಹೇಗೆ. ಓದುಗರು ಬಂದು, ಚೀಟಿ ನೋಡಿ, ಎದುರಿನ ಚಾದಂಗಡಿಗೆ ಹೋಗಿ ಕೂರ್ತಾರೆ. ಅಲ್ಲಿ ಪೇಪರೂ ಇದೆ, ಚುರುಮುರಿಯೂ ಇದೆ. ಸೆಳೆಯುವುದು ಹೇಗೆ ಅಂತ ಆ ಅಂಗಡಿಯವನನ್ನು ಕರೆದು ಕೇಳಿದ್ದರೆ ಮುಗಿದುಹೋಗ್ತಿತ್ತು, ಆದರೆ ಅವನ ಹತ್ತಿರ ಪಿಪಿಟಿ ಇಲ್ಲ.

ನಮ್ಮ ಸರ್ ಹೋಗಿ ಬಂದು ಹೇಳಿದ್ದು ಕೇಳಿ. ಹತ್ತಕ್ಕೆ ಶುರು ಅಂದಿದ್ದು ಹನ್ನೊಂದೂವರೆಗೆ ದೀಪ ಹಚ್ಚಿದರು. ಆಮೇಲೆ ಉಪ್ಪಿಟ್ಟು, ಶಿರಾ. ಆಮೇಲೆ ಸಂಪನ್ಮೂಲ ವ್ಯಕ್ತಿಗಳು ಬಂದು ‘ಗಟ್ಟಿ ಓದು’ ಅನ್ನೋ ಚಟುವಟಿಕೆ ಬಗ್ಗೆ ಪರದೆ ಮೇಲಿದ್ದದ್ದನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿದರು. ಇಡೀ ಜಿಲ್ಲೆಯಲ್ಲಿ ಆ ವರ್ಷ ನಿಜವಾದ ಗಟ್ಟಿ ಓದು ನಡೆದದ್ದು ಅಲ್ಲೊಂದೇ ಕಡೆ ಅಂತ ನನ್ನ ಅನುಮಾನ. ಮಧ್ಯಾಹ್ನ ಊಟ ಆದ ಮೇಲೆ ಡಿಜಿಟಲ್ ಲೈಬ್ರರಿ. ನೆಟ್‌ವರ್ಕ್ ಇಲ್ಲದ್ದರಿಂದ ಅದನ್ನು ಬಾಯಿಮಾತಲ್ಲೇ ತೋರಿಸಿದರು.

ಸರ್ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದರಂತೆ: ‘ಹರಿದ ಪುಸ್ತಕ ದಾಸ್ತಾನಿನಿಂದ ತೆಗೆಯೋದು ಹ್ಯಾಂಗ್ರೀ? ಅದೊಂದು ಹೇಳಿಕೊಟ್ಟರ ನಾ ನಾಳಿಂದ ತಿಜೋರಿ ಕೀಲಿ ಹಾಕೂದಿಲ್ಲ.’ ಸಭೆಯಲ್ಲಿದ್ದ ಉಳಿದ ಮೇಲ್ವಿಚಾರಕರೆಲ್ಲ ಮೊದಲ ಸಲ ಪೆನ್ನು ತೆಗೆದರು. ಉತ್ತರ ಬಂತು: ‘ಅದು ಈ ತರಬೇತಿಯ ವ್ಯಾಪ್ತಿಗೆ ಬರೋದಿಲ್ಲ.’ ಪೆನ್ನು ಒಳಗೆ ಹೋದವು. ಸಂಜೆ ಎಲ್ಲರಿಗೂ ಪ್ರಮಾಣಪತ್ರ. ಸರ್ ಅದನ್ನು ಲ್ಯಾಮಿನೇಶನ್ ಮಾಡಿಸಿ ಗೋಡೆಗೆ ಹಾಕಿದ್ದಾರೆ, ಅದಕ್ಕೆ ದಾಸ್ತಾನು ನಂಬರ್ ಕೊಡಬೇಕೋ ಬೇಡವೋ ಅಂತ ಇನ್ನೂ ಗೊಂದಲದಲ್ಲಿದ್ದಾರೆ.

ತರಬೇತಿ ಅಂದ್ರೆ ಏನಾಗಬಹುದು ಅನ್ನೋದಕ್ಕೆ, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅನ್ನಿಸಿಕೊಂಡ ಎಸ್.ಆರ್. ರಂಗನಾಥನ್ ಕತೆ ಇದೆ. ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕ ಆದರು. ಆ ಕೆಲಸದ ಒಂಟಿತನ ತಡೆಯಲಾರದೆ ಸ್ವಲ್ಪ ದಿನಕ್ಕೇ ಮೇಷ್ಟ್ರ ಕೆಲಸಕ್ಕೆ ವಾಪಸ್ ಕಳಿಸಿ ಅಂತ ದುಂಬಾಲು ಬಿದ್ದರು. ಮೊದಲು ಲಂಡನ್‌ಗೆ ಹೋಗಿ ಕಲಿತು ಬಾ ಅಂತ ಕಳಿಸಿದರು. ಅಲ್ಲಿ ಲೈಬ್ರರಿಗಳು ಜನರಿಂದ ತುಂಬಿರೋದನ್ನ ಕಣ್ಣಾರೆ ನೋಡಿ ಬಂದವರು ಮತ್ತೆ ಗಣಿತದ ಕಡೆ ತಿರುಗಲಿಲ್ಲ. 1931ರಲ್ಲಿ ಐದು ಸೂತ್ರ ಬರೆದರು, ಮೊದಲನೆಯದೇ ಪುಸ್ತಕ ಇರೋದು ಬಳಸೋದಕ್ಕೆ ಅಂತ. ಆ ಸೂತ್ರ ನಮ್ಮ ಲೈಬ್ರರಿ ಗೋಡೆ ಮೇಲೂ ಇದೆ, ಸರಿಯಾಗಿ ಕೀಲಿ ಹಾಕಿದ ತಿಜೋರಿ ಮೇಲೆ. ನಮ್ಮ ಸರ್‌ಗಂತೂ ಬೇಸರ ಪಡೋಕೂ ಪುರುಸೊತ್ತಿಲ್ಲ. ಈ ಸಮೀಕ್ಷೆ, ಆ ಸಮೀಕ್ಷೆ ಅಂತ ಊರೆಲ್ಲ ಅಲೆಸ್ತಾರೆ.

ಭಾಷಣಕ್ಕೆ ಬರೋಣ. ವಿಜಯಪುರದಲ್ಲಿ ಪುಸ್ತಕದ ಬಗ್ಗೆ ಮಾತಾಡಿ ಫ.ಗು. ಹಳಕಟ್ಟಿಯವರ ಹೆಸರು ತೆಗೆಯದೆ ಯಾರೂ ಕೆಳಗಿಳಿಯೋದಿಲ್ಲ. ವಕೀಲಿ ಮಾಡಿಕೊಂಡು, ವಚನಗಳ ತಾಳೆಗರಿ ಹುಡುಕಿ, ಮನೆ ಮಾರಿ ಮುದ್ರಣಾಲಯ ಹಾಕಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದ ಮನುಷ್ಯ. ಈಗಿನ ನಮೂನೆಯಲ್ಲಿ ಅವರ ಅರ್ಜಿ ತುಂಬಿದರೆ ಮೊದಲ ಸುತ್ತಿನಲ್ಲೇ ತಿರಸ್ಕಾರ. ತಾಳೆಗರಿ ಸಿಕ್ಕ ಜಾಗದ ಜಿಪಿಎಸ್ ಫೋಟೊ ಇಲ್ಲ, ಮೂರು ಕೊಟೇಶನ್ ತರದೆ ಪ್ರೆಸ್ ಖರೀದಿ ಮಾಡಿದ್ದಾರೆ.

ಈಗ ಅಸಲಿ ಓದುಗರ ವಿಷಯ. ನಮ್ಮ ಲೈಬ್ರರಿಯಲ್ಲಿ ಬೆಳಗ್ಗೆ ಬಾಗಿಲು ತೆಗೆಯೋಕೆ ಮುಂಚೆ ಬಂದು ಕಟ್ಟೆ ಮೇಲೆ ಕಾಯೋರು ಯಾರು ಗೊತ್ತಾ? ಪೊಲೀಸ್, ಎಫ್‌ಡಿಎ, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ), ಕೆಎಎಸ್ ಅಂತ ಪರೀಕ್ಷೆಗೆ ಕೂತ ಹುಡುಗ ಹುಡುಗಿಯರು. ಮನೆಯಲ್ಲಿ ಓದೋಕೆ ಜಾಗ ಇಲ್ಲ, ಬುತ್ತಿ ಕಟ್ಟಿಕೊಂಡು ಬರ್ತಾರೆ, ಕರೆಂಟ್ ಹೋದರೂ ಏಳೋದಿಲ್ಲ. ಆದರೆ ಇವರು ತಮ್ಮದೇ ಗೈಡು ತಂದು ಓದ್ತಾರೆ, ಲೈಬ್ರರಿ ಪುಸ್ತಕ ಒಯ್ಯೋದಿಲ್ಲ. ಹಾಗಾಗಿ ಪುಸ್ತಕ ಎರವಲು ಕಾಲಂನಲ್ಲಿ ಇವರ ಲೆಕ್ಕ ಸೊನ್ನೆ. ದಿನಕ್ಕೆ ಹತ್ತು ತಾಸು ಓದೋ ಹುಡುಗ ಓದುಗ ಅಲ್ಲ, ಸಪ್ತಾಹದ ದಿನ ಹತ್ತು ನಿಮಿಷ ಓದಿದಂಗ ಮಾಡಿದವನು ಓದುಗ.

ಅವತ್ತು ಇವರನ್ನು ಎಬ್ಬಿಸಿ ಹೊರಗೆ ಹಾಕ್ತಾರೆ, ಕುರ್ಚಿ ಗಣ್ಯರಿಗೆ ಬೇಕಲ್ಲ. ಹುಡುಗರು ಬೇವಿನ ಮರದ ಕೆಳಗೆ ಸೇರಿ, ಒಳಗಿನ ಮೈಕಿನ ಗದ್ದಲದಲ್ಲೇ ಸಾಮಾನ್ಯ ಜ್ಞಾನ ಬಾಯಿಪಾಠ ಮಾಡ್ತಾರೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಯಾವ ವರ್ಷ? 1965. ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ ಯಾವಾಗ? ನವೆಂಬರ್ 14ರಿಂದ 20. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಯಾರು? ಒಳಗೆ ಭಾಷಣ ಮಾಡ್ತಿದ್ದವರಿಗೆ ಈ ಮೂರನೆಯದು ಬರ್ತಿರಲಿಲ್ಲ ಅನ್ನೋದು ನನಗೆ ಖಾತ್ರಿ.

ಹಾಗೆ ಮರದ ಕೆಳಗೆ ಕೂತವರಲ್ಲಿ ಒಬ್ಬ ಪರೀಕ್ಷೆ ಪಾಸಾಗಿ ಪಿಡಿಒ ಆದ. ಊರಿಗೇ ಖುಷಿ, ಪೇಢೆ ಹಂಚಿದೆವು. ಈ ವರ್ಷ ಸಪ್ತಾಹದ ಮುಂಚೆ ಅವನು ತನ್ನ ಪಂಚಾಯ್ತಿಯ ಲೈಬ್ರರಿಗೆ ಕಳಿಸಿದ ಸಂದೇಶ ತಿರುಗಿ ತಿರುಗಿ ನಮ್ಮ ಗ್ರೂಪಿಗೂ ಬಂತು: ‘ಕಾರ್ಯಕ್ರಮದ ದಿನ ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳನ್ನು ಹೊರಗಡೆ ಕೂರಿಸುವುದು. ಫೋಟೊದಲ್ಲಿ ಅಡ್ಡ ಬರುತ್ತಾರೆ.’