ಬೆಳಗ್ಗೆ ಸ್ಟಾರ್ಟ್ ಆಗದ, ಆಯಿಲ್ ಕುಡಿಯೋ ಗಾಡಿ: ಇಂಜಿನ್ ಬಿಚ್ಚಿಸೋ ಮುಂಚೆ

ಡಿಸೆಂಬರ್ ಬಂತಂದ್ರೆ ಪುಣೆಯಲ್ಲಿರೋ ನಮ್ಮ ಹುಡುಗರದ್ದು ಒಂದೇ ಗೋಳು. ಟರ್ಬೊ (ಇಂಜಿನ್‌ಗೆ ಗಾಳಿ ಒತ್ತಿ ತುಂಬೋ ಪಂಪ್) ಕೂರಿಸಿದ ಗಾಡಿ ಬೆಳಗ್ಗೆ ಸ್ಟಾರ್ಟ್ ಆಗಲ್ಲ, ಸಾಲದ್ದಕ್ಕೆ ಆಯಿಲ್ ಬೇರೆ ಕುಡೀತಿದೆ. ಗ್ಯಾರೇಜಿಗೆ ಒಯ್ದರೆ ಬಾನೆಟ್ ಎತ್ತೋ ಮೊದಲೇ ತೀರ್ಪು: "ಪಿಸ್ಟನ್ ರಿಂಗ್ ಹೋಗಿದೆ, ಇಂಜಿನ್ ಖೋಲಾವಂ ಲಾಗೇಲ್ (ಬಿಚ್ಚಬೇಕಾಗುತ್ತೆ)." ಎರಡು ದೂರಿಗೂ ಒಂದೇ ಮದ್ದು, ಅದೂ ದುಬಾರಿ ಮದ್ದು. ನಾನಂತೂ ಒಪ್ಪಲ್ಲ. ಮಾಡಿಫೈ ಮಾಡಿದ ಗಾಡಿಯಲ್ಲಿ ಬೆಳಗಿನ ಸ್ಟಾರ್ಟಿಂಗ್ ತೊಂದರೆ ಬಹುಪಾಲು ಅರ್ಧಕ್ಕೇ ಬಿಟ್ಟ ಟ್ಯೂನಿಂಗ್‌ನದ್ದು. ಆಯಿಲ್ ಖರ್ಚು ಬಹುಪಾಲು ಬ್ರೀದರ್ ಪೈಪಿನದ್ದು (ಇಂಜಿನ್ ಒಳಗಿನ ಗಾಳಿ ಹೊರಬಿಡೋ ಪೈಪ್), ಟರ್ಬೊ ರಿಟರ್ನ್ ಲೈನಿನದ್ದು (ಟರ್ಬೊಗೆ ಹೋದ ಆಯಿಲ್ ವಾಪಸ್ ಇಳಿಯೋ ಪೈಪ್). ರಿಂಗಿನ ಸರದಿ ಕೊನೆಗೆ.

ಡೈನೊ (ಪವರ್ ಅಳೆಯೋ ಯಂತ್ರ) ಮೇಲೆ ಗಾಡಿ ಓಡಿಸುವಾಗ ಕೂಲಂಟ್ 85–90 ಡಿಗ್ರಿ ಇರುತ್ತೆ. ಪವರ್ ಬಂತು, ಗ್ರಾಫ್ ಪ್ರಿಂಟ್ ಆಯ್ತು, ದುಡ್ಡೂ ಕೊಟ್ಟಾಯ್ತು. ಆದರೆ ಸೆಲ್ಫ್ ಹೊಡೆಯುವಾಗ ಎಷ್ಟು ಪೆಟ್ರೋಲ್, ಸ್ಟಾರ್ಟ್ ಆದ ಮೊದಲ ಕೆಲವು ಸೆಕೆಂಡು ಎಷ್ಟು, ಬಿಸಿಯಾಗೋವರೆಗೆ ಎಷ್ಟು ಅಂತ ಇಸಿಯು (ಇಂಜಿನ್‌ನ ಕಂಪ್ಯೂಟರ್) ಒಳಗೆ ಬೇರೆ ಬೇರೆ ಟೇಬಲ್ ಇರುತ್ವೆ. ರಾತ್ರಿಯಿಡೀ ತಣ್ಣಗಾದ ಇಂಜಿನ್ ಮೇಲೆ ಮಾತ್ರ ಅವನ್ನು ಸರಿಮಾಡೋಕೆ ಆಗೋದು, ಅಂದ್ರೆ ದಿನಕ್ಕೊಂದೇ ಅವಕಾಶ. ಹಾಗಾಗಿ ಹೆಚ್ಚಿನವರು ಅದನ್ನು ಮುಟ್ಟೋದೇ ಇಲ್ಲ. ಮುಂಬೈಯಲ್ಲಿ ಇದು ಗೊತ್ತೂ ಆಗಲ್ಲ, ಅಲ್ಲಿನ ಚಳಿ ಅಷ್ಟಕ್ಕಷ್ಟೇ. ಅದೇ ಗಾಡಿ ಖಂಡಾಲಾ ಘಾಟ್ ಹತ್ತಿ ಪುಣೆಯ 10 ಡಿಗ್ರಿ ಬೆಳಗಿಗೆ ಬಂದಾಗ ಬಣ್ಣ ಬಯಲಾಗುತ್ತೆ. ಟ್ಯೂನರ್‌ಗೆ ಮೊದಲೇ ಹೇಳಿಬಿಡಿ: ಗಾಡಿ ಒಂದು ರಾತ್ರಿ ನಿಮ್ಮಲ್ಲೇ ಇರಲಿ, ಬೆಳಗ್ಗೆ ನಮ್ಮೆದುರೇ ಸ್ಟಾರ್ಟ್ ಮಾಡಿ, ಅದರ ಲಾಗ್ ಕೊಡಿ, ಕೊನೇ ಕಂತು ಆಮೇಲೆ. ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಳಲಿ.

ಮನೆಯಲ್ಲೇ ಮಾಡಬಹುದಾದ ಮೊದಲ ಪರೀಕ್ಷೆಗೆ ಸೆನ್ಸರ್ ಅಂಕಿಗಳನ್ನು ಮೊಬೈಲಿನಲ್ಲಿ ತೋರಿಸೋ ಒಂದು ಒಬಿಡಿ ಡಾಂಗಲ್ ಸಾಕು. ರಾತ್ರಿಯಿಡೀ ನಿಂತ ಗಾಡಿಯ ಕೀ ಆನ್ ಮಾಡಿ, ಸೆಲ್ಫ್ ಹೊಡೀಬೇಡಿ. ಕೂಲಂಟ್ ಟೆಂಪರೇಚರ್, ಒಳಬರುವ ಗಾಳಿಯ ಟೆಂಪರೇಚರ್ ಎರಡನ್ನೂ ನೋಡಿ. ಎರಡೂ ಹೊರಗಿನ ಹವಾಮಾನಕ್ಕೆ ಎರಡು ಮೂರು ಡಿಗ್ರಿ ಆಚೀಚೆ ಇರಬೇಕು. ಹೊರಗೆ 11 ಇದ್ದು ಕೂಲಂಟ್ 30 ತೋರಿಸಿದರೆ ಇಸಿಯು ಕಡಿಮೆ ಪೆಟ್ರೋಲ್ ಕೊಡುತ್ತೆ, ಸ್ಟಾರ್ಟ್ ಆಗಲ್ಲ. ಮೈನಸ್ 40 ತೋರಿಸಿದರೆ ಸೆನ್ಸರ್ ಸರ್ಕ್ಯೂಟ್ ಎಲ್ಲೋ ಕಟ್ಟಾಗಿದೆ ಅಂತ ಅರ್ಥ. ಇಂಜಿನ್ ಬದಲಾಯಿಸಿದ ಗಾಡಿಗಳಲ್ಲಿ ಇದು ಜಾಸ್ತಿ, ಯಾಕಂದ್ರೆ ಸೆನ್ಸರ್ ಒಂದು ಕಂಪನಿಯದ್ದು, ಇಸಿಯು ಇನ್ನೊಂದು ಕಂಪನಿಯದ್ದು. ಸಾಮಾನ್ಯ ಬಾಷ್ ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು 2.5 ಕಿಲೊ ಓಮ್, 80ರಲ್ಲಿ 300 ಓಮ್ ಆಸುಪಾಸು ತೋರಿಸಬೇಕು. ನಿಮ್ಮ ಇಸಿಯುನ ಟೇಬಲ್ ಅದಕ್ಕೆ ಹೊಂದಬೇಕು.

ಆಮೇಲೆ ಬ್ಯಾಟರಿ. ನಿಂತಾಗ 12.6 ವೋಲ್ಟ್, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳೀಬಾರದು. ಬ್ಯಾಟರಿ ಡಿಕ್ಕಿಗೆ ಸಾಗಿಸಿದ್ದರೆ ಕೇಬಲ್ ದಪ್ಪ, ಅರ್ಥಿಂಗ್ ಎರಡನ್ನೂ ಅನುಮಾನಿಸಿ: ಸೆಲ್ಫ್ ತಿರುಗುತ್ತಿರುವಾಗ ಬ್ಯಾಟರಿ ಮೈನಸ್‌ನಿಂದ ಇಂಜಿನ್ ಬ್ಲಾಕಿಗೆ ಅಳೆದರೆ 0.2–0.3 ವೋಲ್ಟ್ ದಾಟಬಾರದು. ದೊಡ್ಡ ಇಂಜೆಕ್ಟರ್ ಹಾಕಿದವರಿಗೆ ಇದು ಇನ್ನೂ ಮುಖ್ಯ. ಇಂಜೆಕ್ಟರ್ ಬಾಯಿ ತೆರೆಯೋಕೆ 14 ವೋಲ್ಟಿನಲ್ಲಿ ಹೆಚ್ಚುಕಮ್ಮಿ ಒಂದು ಮಿಲಿಸೆಕೆಂಡ್ ಸಾಕು, ಸೆಲ್ಫ್ ಹೊಡೆಯುವಾಗಿನ 9–10 ವೋಲ್ಟಿನಲ್ಲಿ ಅದರ ಹತ್ತಿರತ್ತಿರ ಎರಡರಷ್ಟು ಬೇಕು. ನಿಮಿಷಕ್ಕೆ 240 ಸಿಸಿ ಹರಿಸೋ ಇಂಜೆಕ್ಟರ್ ಜಾಗದಲ್ಲಿ 440 ಸಿಸಿಯದ್ದು ಕೂರಿಸಿ ಈ ಡೆಡ್ ಟೈಮ್ (ಬಾಯಿ ತೆರೆಯೋ ತಡ) ಟೇಬಲ್ ಹಳೇದೇ ಬಿಟ್ಟರೆ, ಓಡುವಾಗ ಎಲ್ಲ ಸರಿ, ಸ್ಟಾರ್ಟ್ ಮಾಡುವಾಗ ಮಾತ್ರ ಲೆಕ್ಕ ತಪ್ಪುತ್ತೆ.

ಕೀಯನ್ನು ಎರಡು ಮೂರು ಸಲ ಆನ್-ಆಫ್ ಮಾಡಿ ಆಮೇಲೆ ಸೆಲ್ಫ್ ಹೊಡೆದರೆ ಥಟ್ಟನೆ ಸ್ಟಾರ್ಟ್ ಆಗುತ್ತಾ? ಹಾಗಾದರೆ ರಾತ್ರಿ ಫ್ಯೂಯಲ್ ಪ್ರೆಶರ್ ಇಳಿದುಹೋಗ್ತಿದೆ: ಪಂಪಿನ ಚೆಕ್ ವಾಲ್ವ್, ಇಲ್ಲವೇ ತೊಟ್ಟಿಕ್ಕೋ ಇಂಜೆಕ್ಟರ್. ಪ್ಲಗ್ ಬಿಚ್ಚಿ ನೋಡಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಜಾಸ್ತಿಯಾಗಿದೆ, ಒಣಗಿದ್ದರೆ ಪೆಟ್ರೋಲೇ ಬಂದಿಲ್ಲ. ಟರ್ಬೊ ಗಾಡಿಗೆ ಪ್ಲಗ್ ಗ್ಯಾಪ್ 0.6–0.7 ಮಿ.ಮೀ. ಸಾಕು. ಆದರೆ ಟ್ರ್ಯಾಕಿಗೆ ಓಡೋ ಗಾಡಿ ನೋಡಿ ತೀರಾ ಕೋಲ್ಡ್ ಪ್ಲಗ್ (ಶಾಖವನ್ನು ಬೇಗ ಬಿಟ್ಟುಕೊಡೋ ಪ್ಲಗ್) ಹಾಕಿಸಬೇಡಿ; ಪುಣೆಯ ಹಿಂಜೇವಾಡಿ ಟ್ರಾಫಿಕ್‌ನಲ್ಲಿ ಅದು ಮಸಿ ಸುಡೋವಷ್ಟು ಬಿಸಿಯಾಗೋದೇ ಇಲ್ಲ.

ಇ20 (ಶೇ 20 ಎಥನಾಲ್ ಬೆರೆತ) ಪೆಟ್ರೋಲನ್ನೂ ಮರೀಬೇಡಿ. ಹಳೇ ಇ10 ಮೇಲೆ ಮಾಡಿದ ಮ್ಯಾಪ್‌ಗೆ (ಇಸಿಯು ಟ್ಯೂನಿಂಗ್‌ಗೆ) ಇ20 ಹಾಕಿದರೆ ಶೇ 4ರಷ್ಟು ಜಾಸ್ತಿ ಇಂಧನ ಬೇಕು. ಎಥನಾಲ್ ಆವಿಯಾಗೋಕೆ ಹೆಚ್ಚು ಶಾಖವೂ ಬೇಕು, ಚಳಿಯಲ್ಲಿ ಅದು ಎದ್ದು ಕಾಣುತ್ತೆ. ಹಳೇ ಮ್ಯಾಪ್ ಇದ್ದವರು ಕೋಲ್ಡ್ ಟೇಬಲ್ ಹೊಸದಾಗಿ ಮಾಡಿಸಲೇಬೇಕು.

ಈಗ ಎರಡೂ ರೋಗ ಒಂದಾಗೋ ಜಾಗಕ್ಕೆ ಬರ್ತೀನಿ. ಗಾಡಿ ಹೀಟ್ ಆಗ್ತಿದೆ ಅಂತ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗೋವರೆಗೆ ಕೂಲಂಟ್ ತಡೆಯೋ ವಾಲ್ವ್) ಕಿತ್ತೆಸೆಯೋ ಚಟ ನಮ್ಮ ಗ್ಯಾರೇಜುಗಳಿಗೆ ಇದೆಯಲ್ಲ, ಅದರಷ್ಟು ಹಾನಿ ಬೇರೆ ಯಾವುದೂ ಮಾಡಲ್ಲ. ಎಕ್ಸ್‌ಪ್ರೆಸ್‌ವೇ ಮೇಲೆ ಚಳಿಗಾಲದಲ್ಲಿ ಕೂಲಂಟ್ 60 ದಾಟಲ್ಲ. ಇಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಇಸಿಯು ಹೆಚ್ಚುವರಿ ಪೆಟ್ರೋಲ್ ಸುರೀತಾನೇ ಇರುತ್ತೆ. ಅದು ಸಿಲಿಂಡರ್ ಗೋಡೆಯ ಆಯಿಲ್ ಪದರ ತೊಳೆದು, ರಿಂಗ್ ಸವೆಸಿ, ಕೆಳಗೆ ಇಂಜಿನ್ ತಳದ ಆಯಿಲ್ ಸಂಪ್‌ಗೆ ಇಳಿಯುತ್ತೆ. ಡಿಪ್‌ಸ್ಟಿಕ್ ಲೆವೆಲ್ ಇಳಿಯೋದೇ ಇಲ್ಲ, ಕೆಲವು ಸಲ ಏರುತ್ತೆ! ಯಜಮಾನರು ಖುಷಿ. ಒಂದು ದಿನ ಬೆಳಗಾವಿಗೋ ವಿಜಯಪುರಕ್ಕೋ ಉದ್ದ ಓಡಿಸಿದಾಗ ಆಯಿಲ್ ಚೆನ್ನಾಗಿ ಬಿಸಿಯಾಗಿ ಪೆಟ್ರೋಲ್ ಆವಿಯಾಗಿ ಹೋಗುತ್ತೆ, ಲೆವೆಲ್ ಧಡಕ್ಕನೆ ಇಳಿಯುತ್ತೆ. "ನಿನ್ನೆವರೆಗೂ ಸರಿಯಿತ್ತು" ಅನ್ನೋ ಮಾತು ಹುಟ್ಟೋದು ಇಲ್ಲೇ. ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಗಪ್ಪಂತ ಬಂದರೆ ಮೊದಲು 82–88 ಡಿಗ್ರಿಯ ಥರ್ಮೋಸ್ಟಾಟ್ ವಾಪಸ್ ಹಾಕಿಸಿ, ಆಯಿಲ್ ಬದಲಾಯಿಸಿ, ಆಮೇಲೆ ಲೆಕ್ಕ ಶುರು ಮಾಡಿ.

ಲೆಕ್ಕ ಅಂದ್ರೆ ನಿಜವಾದ ಲೆಕ್ಕ. ಸಮತಟ್ಟಾದ ಅದೇ ಜಾಗ, ಬಿಸಿ ಇಂಜಿನ್, ಆಫ್ ಮಾಡಿ ಹತ್ತು ನಿಮಿಷ, ಅಳತೆ ಜಗ್ಗಿನಲ್ಲಿ ಟಾಪ್ ಅಪ್, ಕಿಲೋಮೀಟರ್ ಬರೆದಿಡೋದು. 1000 ಕಿ.ಮೀ.ಗೆ 200–300 ಮಿ.ಲೀ. ಅಂದ್ರೆ ಫೋರ್ಜ್ಡ್ ಪಿಸ್ಟನ್ ಟರ್ಬೊ ಇಂಜಿನ್‌ಗೆ ನಾನು ತಲೆ ಕೆಡಿಸಿಕೊಳ್ಳಲ್ಲ. ಒಂದು ಲೀಟರ್ ಆದರೆ ಹುಡುಕಲೇಬೇಕು.

ಹೊಗೆ ಯಾವಾಗ ಬರುತ್ತೆ ಅನ್ನೋದೇ ಅರ್ಧ ಉತ್ತರ. ಬೆಳಗ್ಗೆ ಸ್ಟಾರ್ಟ್ ಆದ ಕೂಡಲೇ ಒಂದು ನೀಲಿ ಬುಗ್ಗೆ ಬಂದು ನಿಂತರೆ ವಾಲ್ವ್ ಸೀಲ್. ಚೋರ್ಲಾ ಘಾಟ್ ಇಳಿಯುವಾಗ ಗೇರಲ್ಲೇ ತಡೆದು ಬಂದು, ಕೆಳಗೆ ಎಕ್ಸಲೇಟರ್ ಒತ್ತಿದ ಕ್ಷಣ ಹಿಂದಿನ ಗಾಡಿಯವನಿಗೆ ಹೊಗೆ ಕಂಡರೆ ಅದೂ ವಾಲ್ವ್ ಸೀಲ್ ಅಥವಾ ವಾಲ್ವ್ ಗೈಡ್. ಸಿಗ್ನಲ್‌ನಲ್ಲಿ ಬಹಳ ಹೊತ್ತು ಐಡಲ್ ನಿಂತು ಹೊರಟಾಗ ಬಂದರೆ ಟರ್ಬೊ ಕಡೆ ನೋಡಿ. ಪೂರ್ತಿ ಲೋಡಿನಲ್ಲಿ ಎಳೆಯುವಾಗ ಒಂದೇ ಸಮ ಬಂದರೆ ಮಾತ್ರ ರಿಂಗ್ ಮೇಲೆ ಅನುಮಾನ.

ಟರ್ಬೊ ಸೀಲ್ ಆಯಿಲ್ ಪ್ರೆಶರ್ ತಡೆಯೋ ವಸ್ತುವೇ ಅಲ್ಲ. ಆಯಿಲ್ ತನ್ನ ಭಾರಕ್ಕೇ ಕೆಳಗೆ ಹರಿದು ಹೋಗಬೇಕು. ರಿಟರ್ನ್ ಪೈಪ್ ಒಳವ್ಯಾಸ 12–16 ಮಿ.ಮೀ., ಉದ್ದಕ್ಕೂ ಇಳಿಜಾರು, ಸಂಪಿನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಎಲ್ಲಾದರೂ ತಗ್ಗಿ ಮತ್ತೆ ಏರಿದರೆ ಅಲ್ಲಿ ಆಯಿಲ್ ನಿಂತು, ಟರ್ಬೊ ಒಳಗಿಂದ ಸೈಲೆನ್ಸರ್ ಕಡೆಗೇ ಸೋರುತ್ತೆ. ಹೊಸ ಟರ್ಬೊ ಹಾಕಿದರೂ ಅದೇ ಕಥೆ.

ಬ್ರೀದರ್ ವಿಷಯದಲ್ಲೂ ಹಾಗೇ. ಪಿಸಿವಿ ವಾಲ್ವ್ (ಬ್ರೀದರ್ ಗಾಳಿಯನ್ನು ಇಂಜಿನ್‌ಗೇ ಮರಳಿಸೋ ಏಕಮುಖ ವಾಲ್ವ್) ಬೂಸ್ಟ್, ಅಂದ್ರೆ ಟರ್ಬೊ ಒತ್ತಡ, ತಡೀದಿದ್ದರೆ ಅದೇ ಕ್ರ್ಯಾಂಕ್‌ಕೇಸಿಗೆ (ಇಂಜಿನ್ ಕೆಳಭಾಗಕ್ಕೆ) ನುಗ್ಗುತ್ತೆ. ಅದನ್ನು ಮುಚ್ಚಿ ಒಂದು ಪುಟಾಣಿ ಫಿಲ್ಟರ್ ಸಿಕ್ಕಿಸಿದರೆ ಗಾಳಿ ಹೊರಗೆ ಹೋಗೋಕೆ ದಾರಿ ಸಾಲಲ್ಲ. ಎರಡರಲ್ಲೂ ಒಳಗಿನ ಒತ್ತಡ ಏರಿ ಆಯಿಲ್ ಸಿಕ್ಕ ಸಂದಿಯಲ್ಲೆಲ್ಲ ಹೊರಬರುತ್ತೆ, ಟರ್ಬೊ ರಿಟರ್ನ್ ಕೂಡ ಕಟ್ಟುತ್ತೆ. ಆನ್‌ಲೈನ್‌ನಲ್ಲಿ ಸಿಗೋ ಹೊಳೆಯೋ ಕ್ಯಾಚ್ ಕ್ಯಾನ್‌ಗಳಲ್ಲಿ (ಬ್ರೀದರ್ ಗಾಳಿಯ ಆಯಿಲ್ ಹಿಡಿದಿಡೋ ಡಬ್ಬಿ) ಹಲವು ಬರೀ ಖಾಲಿ ಡಬ್ಬಿ; ಒಳಗೆ ತಡೆಪಟ್ಟಿ ಅಥವಾ ಜಾಲರಿ, 16–19 ಮಿ.ಮೀ. ಹೋಸ್ ಇರೋದನ್ನೇ ತಗೊಳ್ಳಿ. ಗೋವಾದ ತೇವದಲ್ಲಿ ಅದರೊಳಗೆ ಹಾಲುಬಣ್ಣದ ಲೇಪ ಕಂಡರೆ ಗಾಬರಿ ಬೇಡ, ಕೂಲಂಟ್ ಇಳೀತಿಲ್ಲ ಅಂದ್ರೆ ಅದು ಬರೀ ನೀರಾವಿ.

ಇಷ್ಟಾದ ಮೇಲೆ ಕಂಪ್ರೆಷನ್ ಟೆಸ್ಟ್, ಅಂದ್ರೆ ಪ್ಲಗ್ ಜಾಗದಲ್ಲಿ ಗೇಜ್ ಇಟ್ಟು ಸಿಲಿಂಡರ್ ಒತ್ತಡ ಅಳೆಯೋದು. ಇಂಜಿನ್ ಬಿಸಿ, ಎಲ್ಲ ಪ್ಲಗ್ ಹೊರಗೆ, ಇಂಜೆಕ್ಟರ್ ಕನೆಕ್ಟರ್ ಕಿತ್ತು, ಎಕ್ಸಲೇಟರ್ ಪೂರ್ತಿ ಒತ್ತಿ ಐದಾರು ಸುತ್ತು. ಸಿಲಿಂಡರ್‌ಗಳ ನಡುವೆ ಶೇ 15ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕ್ಯಾಮ್ ಬದಲಾಯಿಸಿದ್ದರೆ ಒಟ್ಟು ಅಂಕಿ ಕಮ್ಮಿ ಬರೋದು ಸಹಜ, ಅದನ್ನು ಕಂಪನಿ ಮ್ಯಾನ್ಯುಯಲ್ ಜೊತೆ ಹೋಲಿಸಿ ಹೆದರಿಸೋರನ್ನು ನಂಬಬೇಡಿ. ಕಮ್ಮಿ ಇರೋ ಸಿಲಿಂಡರ್‌ಗೆ 5–10 ಮಿ.ಲೀ. ಆಯಿಲ್ ಬಿಟ್ಟು ಮತ್ತೆ ನೋಡಿ: ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಸಿಲಿಂಡರ್‌ಗೆ ಗಾಳಿ ತುಂಬಿ ಸೋರಿಕೆ ಅಳೆಯೋ ಲೀಕ್‌ಡೌನ್ ಟೆಸ್ಟರ್ ಇದ್ದರೆ ಇನ್ನೂ ಖಾತ್ರಿ. ಶೇ 20 ದಾಟಿ ಸೋರಿಕೆ ಇದ್ದು, ಆಯಿಲ್ ಕ್ಯಾಪ್ ತೆಗೆದಾಗ ಅಲ್ಲಿಂದ ಬುಸ್ ಅಂದ್ರೆ, ಸರಿ, ಬಿಚ್ಚಿಸಿ.

ಬಿಚ್ಚಿಸಿದರೆ ಜೋಡಿಸುವಾಗ ಪಕ್ಕದಲ್ಲೇ ನಿಂತಿರಿ. ಆಯಿಲ್ ರಿಂಗ್ ಒಳಗಿನ ಸುಕ್ಕು ಸುಕ್ಕಾದ ಎಕ್ಸ್‌ಪಾಂಡರ್‌ನ ಎರಡು ತುದಿ ಒಂದಕ್ಕೊಂದು ಮುಖ ಕೊಟ್ಟು ತಾಗಬೇಕು, ಒಂದರ ಮೇಲೊಂದು ಹತ್ತಬಾರದು. ಹತ್ತಿದರೆ ಹೊಸ ಇಂಜಿನ್ನೇ ಮೊದಲ ದಿನದಿಂದ ಹೊಗೆ ಉಗುಳುತ್ತೆ. ಮಾರುತಿ ಎಸ್ಟೀಮ್, 1.3 ಲೀಟರ್ ಜಿಪ್ಸಿಯ 74 ಮಿ.ಮೀ. ಬೋರ್‌ಗೆ ಟರ್ಬೊ ಇದ್ದರೆ ಟಾಪ್ ರಿಂಗ್ ಗ್ಯಾಪ್ 0.33–0.37 ಮಿ.ಮೀ. ಆಸುಪಾಸು, ಪಿಸ್ಟನ್ ಜೊತೆ ಬಂದ ಚೀಟಿ ಬೇರೆ ಹೇಳಿದರೆ ಅದೇ ಅಂತಿಮ. ಮೊದಲು ಮಿನರಲ್ ಆಯಿಲ್ ಹಾಕಿ, ಐಡಲ್‌ನಲ್ಲಿ ಬಿಡದೆ ಖಾಲಿ ರಸ್ತೆಯಲ್ಲಿ ಮೂರನೇ ಗೇರಲ್ಲಿ ಎಳೆದು, ಎಕ್ಸಲೇಟರ್ ಬಿಟ್ಟು, ಮತ್ತೆ ಎಳೆದು ಓಡಿಸಿ. ಸಿಟಿಯಲ್ಲಿ ತೆವಳಿಸಿದರೆ ಬೋರ್ (ಸಿಲಿಂಡರ್ ಒಳಗೋಡೆ) ನುಣುಪಾಗಿ ಕನ್ನಡಿಯಾಗುತ್ತೆ, ರಿಂಗ್ ಕೂರಲ್ಲ. 500 ಕಿ.ಮೀ.ಗೆ ಆಯಿಲ್, ಫಿಲ್ಟರ್ ಬದಲಾಯಿಸಿ, ಹಳೇ ಫಿಲ್ಟರ್ ಕತ್ತರಿಸಿ ಲೋಹದ ಚೂರಿದೆಯಾ ನೋಡಿ. ಆಯಿಲ್ ಖರ್ಚು ಅಳೆಯೋದು 1500 ಕಿ.ಮೀ. ದಾಟಿದ ಮೇಲೆ, ಅದಕ್ಕೂ ಮುಂಚೆ ಕುಡಿದದ್ದು ಲೆಕ್ಕಕ್ಕಿಲ್ಲ.