ರಾತ್ರಿ 1 ಗಂಟೆ ಮಳೆ, ದಾಖಲೆಯಲ್ಲಿ ಸಂಜೆ 7

ದೊಡ್ಡಪ್ಪನ ಅಡಿಕೆ ತೋಟದ ಹತ್ರ ನಾನೊಂದು ರಾಸ್ಪ್‌ಬೆರಿ ಪೈ 3ಬಿ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್ ಇಟ್ಟು ಎರಡು ಮಳೆಗಾಲ ಆಯ್ತು, ಅದಕ್ಕೊಂದು ಮಳೆಮಾಪಕ ಜೋಡಿಸಿದ್ದೀನಿ, ಒಳಗಿರೋ ಪುಟ್ಟ ಬಟ್ಟಲು 0.2 ಮಿಮೀ ಮಳೆಗೊಂದ್ಸಲ ಮಗುಚುತ್ತೆ, ಪೈ ಅದನ್ನ ಎಣಿಸಿ ಟೈಮ್ ಸಮೇತ ಬರ್ಕೊಳ್ಳುತ್ತೆ. ಬೆಂಗಳೂರಲ್ಲಿ ಟೇಬಲ್ ಮೇಲೆ ಟೆಸ್ಟ್ ಮಾಡ್ದಾಗ ಒಂದೇ ಒಂದು ತಪ್ಪಿರಲಿಲ್ಲ.

ಹೋದ ವರ್ಷ ಪುಷ್ಯ ಮಳೆ ಟೈಮಲ್ಲಿ ಒಂದಿನ ಬೆಳಿಗ್ಗೆ ಫೋನ್ ಮಾಡಿ "ದೊಡ್ಡಪ್ಪ, ರಾತ್ರಿ 9ಕ್ಕೇ ಮಳೆ ನಿಂತಿದೆ, ಹೊಳವಾಗಿದೆ, ಔಷಧಿ ಹೊಡೆಸ್ಬಹುದು" ಅಂದೆ. "ಎಂತ ಮಾರಾಯ, ಬೆಳಗಿನ ಜಾವ 3 ಗಂಟೆವರೆಗೆ ಹೊಯ್ದಿದೆ, ಅಡಿಕೆ ಕೊನೆಯಿಂದ ಇನ್ನೂ ನೀರು ತೊಟ್ಟಿಕ್ತಾ ಇದೆ" ಅಂದ್ರು. ಕೊಳೆ ರೋಗಕ್ಕೆ ಹೊಡೆಯೋ ಬೋರ್ಡೋ, ಒದ್ದೆ ಕೊನೆಗೆ ಹೊಡೆದ್ರೆ ದುಡ್ಡೂ ಆಳಿನ ಕೂಲಿಯೂ ನೀರಲ್ಲಿ ಹೋಮ.

ಆಗಿದ್ದು ಇಷ್ಟು. ಪೈ 3ರಲ್ಲಿ ಕರೆಂಟ್ ಹೋದ್ರೂ ಓಡ್ತಾ ಇರೋ ಗಡಿಯಾರವೇ ಇಲ್ಲ. ಟೈಮ್ ನೆಟ್‌ನಿಂದ ತಗೊಳ್ಳುತ್ತೆ, ನೆಟ್ ಇಲ್ಲದಿದ್ರೆ ಮೆಮೊರಿ ಕಾರ್ಡಲ್ಲಿ ಗಂಟೆಗೊಂದ್ಸಲ ಬರೆದಿಟ್ಕೊಂಡಿರೋ ಹಳೇ ಟೈಮಿಂದ ಮುಂದುವರಿಯುತ್ತೆ. ಸಂಜೆ 5ಕ್ಕೆ ಕರೆಂಟ್ ಹೋಯ್ತು, ರಾತ್ರಿ 11ಕ್ಕೆ ಬಂತು, ನೆಟ್ ಮಾತ್ರ ಬರಲಿಲ್ಲ. ಪೈಗೆ ಅದು ಇನ್ನೂ ಸಂಜೆ 5, ಹಾಗಾಗಿ ರಾತ್ರಿ 1ರ ಮಳೆ 7ಕ್ಕೆ ಬಿತ್ತು, 3ಕ್ಕೆ ನಿಂತಿದ್ದು 9ಕ್ಕೆ ನಿಂತ ಹಾಗಾಯ್ತು. ಬೆಳಿಗ್ಗೆ ನೆಟ್ ಬಂದು ಟೈಮ್ ಸರಿ ಹೋಯ್ತು, ಬರೆದಿದ್ದು ಹಾಗೇ ಉಳೀತು.

ನನ್ನ ತಕರಾರು ಇಲ್ಲೇ ಇರೋದು. ರಾಸ್ಪ್‌ಬೆರಿ ಪೈನವರು 2012ರಲ್ಲಿ 35 ಡಾಲರ್‌ಗೆ ಒಂದು ಕಂಪ್ಯೂಟರ್ ಕೊಟ್ಟಿದ್ದು ದೊಡ್ಡ ಕೆಲ್ಸ, ನಾನು ಲಿನಕ್ಸ್ ಕಲ್ತಿದ್ದೇ ಅದ್ರಲ್ಲಿ. ಆದ್ರೆ ಬೆಲೆ ಇಳಿಸೋಕೆ ಅಂತ ಬಿಟ್ಟಿರೋ ಒಂದೊಂದು ಸಾಮಾನೂ, ನೆಟ್ ಯಾವಾಗ್ಲೂ ಇರುತ್ತೆ, ಕರೆಂಟ್ ಹೋಗಲ್ಲ ಅನ್ನೋ ಲೆಕ್ಕದಲ್ಲಿ ಬಿಟ್ಟಿರೋದು. ನಮ್ಮೂರಲ್ಲಿ ಎರಡೂ ಒಟ್ಟಿಗೇ ಹೋಗುತ್ವೆ, ಅದೂ ಮಳೆ ಬರೋ ಹೊತ್ತಲ್ಲೇ.

ಪವರ್ ಕಥೆ ಇನ್ನೊಂದು. ಮೊದ್ಲು ಹಳೇ ಮೊಬೈಲ್ ಚಾರ್ಜರ್, ತೆಳು ಕೇಬಲ್ ಹಾಕಿದ್ದೆ, ಪೈಗೆ ನೆಟ್ ಕೊಡೋ 4ಜಿ ಡಾಂಗಲ್ ಸಿಗ್ನಲ್ ಹುಡುಕೋವಾಗ ಕರೆಂಟ್ ಜಾಸ್ತಿ ಎಳೆಯುತ್ತೆ, ವೋಲ್ಟೇಜ್ 4.63ಕ್ಕಿಂತ ಕೆಳಗಿಳೀತಿದ್ದ ಹಾಗೆ ಬೋರ್ಡಿನ ಕೆಂಪು ಲೈಟ್ ಆರುತ್ತೆ. ಮಾನಿಟರ್ ಇದ್ರೆ ಹಳದಿ ಮಿಂಚಿನ ಗುರುತು ಕಾಣ್ತಿತ್ತು, ತೋಟದ ಶೆಡ್ಡಲ್ಲಿ ಯಾರು ನೋಡ್ತಾರೆ? ನಾನು ಡಾಂಗಲ್ಲೇ ಕೆಟ್ಟಿದೆ ಅಂತ ಎರಡು ಬದಲಾಯಿಸಿದೆ. 5.1 ವೋಲ್ಟ್ 2.5 ಆಂಪ್‌ನ ಅದರದ್ದೇ ಅಡಾಪ್ಟರ್ ಹಾಕಿದ್ಮೇಲೆ ಆ ಕಾಟ ನಿಂತೋಯ್ತು. ಬರೀತಿರೋವಾಗ್ಲೇ ಕರೆಂಟ್ ಹೋಗಿ ಒಂದು ಮೆಮೊರಿ ಕಾರ್ಡೂ ಸತ್ತಿದೆ.

ಮಣ್ಣಿನ ತೇವ ನೋಡೋ ಸೆನ್ಸರ್ ತಂದು ಪೈಯಲ್ಲಿ ಎಲ್ಲಿಗೆ ಚುಚ್ಚೋದು ಅಂತ ಕೇಳೋ ಹುಡುಗ್ರು ತುಂಬಾ ಜನ, ಪೈಗೆ ಹೆಚ್ಚು-ಕಡಿಮೆ ಆಗೋ ವೋಲ್ಟೇಜ್ ಅಳೆಯೋ ಅನಲಾಗ್ ಇನ್‌ಪುಟ್ಟೇ ಇಲ್ಲ, ನಡುವೆ ಅದನ್ನ ಅಂಕಿ ಮಾಡಿ ಕೊಡೋ ಎಂಸಿಪಿ3008 ಥರದ ಚಿಪ್ ಬೇಕು. ಪೈನ ಇನ್‌ಪುಟ್ ಪಿನ್‌ಗೆ 5 ವೋಲ್ಟ್ ಕೊಟ್ರೆ ಸುಟ್ಟೋಗಬಹುದು, 3.3 ಅಷ್ಟೇ. ಮಾರೋರು, ಕಲಿಸೋರು ಇದನ್ನ ಮೊದಲನೇ ದಿನವೇ ಹೇಳ್ಬೇಕು.

2023ರಲ್ಲಿ ಬಂದ ಪೈ 5ರಲ್ಲಿ ಗಡಿಯಾರ ಕೊಟ್ಟಿದ್ದಾರೆ, ಖುಷಿಯೇ, ಆದ್ರೆ ಬ್ಯಾಟರಿ ಬೇರೆ ಕೊಳ್ಬೇಕು, ಅಡಾಪ್ಟರ್ 5 ವೋಲ್ಟ್ 5 ಆಂಪ್ ಕೇಳುತ್ತೆ, 3 ಆಂಪ್‌ದು ಹಾಕಿದ್ರೆ ಯುಎಸ್‌ಬಿಗೆ ಒಟ್ಟು 600 ಮಿಲಿ ಆಂಪ್ ಮಾತ್ರ. ಮಳೆ ಎಣಿಸೋಕೆ ಅಷ್ಟು ದೊಡ್ಡದು ಖಂಡಿತ ಬೇಡ.

ನಾನು ಡಿಎಸ್3231 ಅನ್ನೋ ಗಡಿಯಾರದ ಮಾಡ್ಯೂಲ್ ತಂದು ಸೇರಿಸಿದೆ, ಬೆರಳ ತುದಿಯಷ್ಟಿದೆ, ಬಟನ್ ಸೆಲ್ ಹಾಕಿದ್ರೆ ಕರೆಂಟ್ ಇಲ್ದೆ ವರ್ಷಗಟ್ಟಲೆ ಟೈಮ್ ಇಟ್ಕೊಳ್ಳುತ್ತೆ. ಈ ಸಲ ಆರಿದ್ರೆಯಿಂದ ಒಂದೂ ಸಾಲು ಅಡ್ಡಾದಿಡ್ಡಿ ಇಲ್ಲ. ಕರೆಂಟ್ ಇಲ್ದಾಗ ಬಿದ್ದ ಮಳೆ ಮಾತ್ರ ಇನ್ನೂ ಲೆಕ್ಕಕ್ಕೆ ಸಿಗ್ತಿಲ್ಲ, ಬ್ಯಾಟರಿ ಹಾಕ್ಬೇಕು, ಅಲ್ಲಿವರೆಗೆ ಆ ಅಂಕಿಗಳನ್ನ ದೊಡ್ಡಪ್ಪ ಗೋಡೆ ಕ್ಯಾಲೆಂಡರಿನಲ್ಲಿ ಇಂಚಲ್ಲಿ ಬರೆದಿಟ್ಟಿರೋದ್ರಿಂದ ತಗೊಂಡು ತುಂಬ್ತಾ ಇದ್ದೀನಿ.